ಇಯರ್‌ಫೋನಿನ ಒಂದು ರಬ್ಬರ್ ಕಳೆದುಹೋಗಿದೆ, ಬದಲಿಗೆ ಸಿಲಿಕಾನ್ ತಗೊಳ್ಳಲಾ, ಫೋಮ್ ತಗೊಳ್ಳಲಾ? ಹೇಗೂ ಮೀಡಿಯಂ ಎಲ್ಲರಿಗೂ ಆಗುತ್ತೆ.

ಸಿಲಿಕಾನಾ ಫೋಮಾ ಅನ್ನುವುದು ಆಮೇಲಿನ ಮಾತು. "ಹೇಗೂ ಮೀಡಿಯಂ ಎಲ್ಲರಿಗೂ ಆಗುತ್ತೆ" ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ಅದನ್ನು ಓದಿ ನನ್ನ ಬಲಗಿವಿ ಒಮ್ಮೆ ಚುರುಕ್ ಎಂದಿತು. ನಾನೂ ಹಾಗೇ ಅಂದುಕೊಂಡು ಒಂದು ಪ್ಯಾಕೆಟ್ ತರಿಸಿದ್ದೆ.

ಆಗ ನನ್ನ ಹತ್ತಿರ ಇದ್ದದ್ದು ವೈರ್ ಇರುವ ಮಾಮೂಲಿ ಇಯರ್‌ಫೋನ್. ಬಲಗಡೆಯ ರಬ್ಬರ್ ಎಲ್ಲೋ ಬಿದ್ದುಹೋಗಿತ್ತು. ಎಸ್, ಎಂ, ಎಲ್ ಮೂರೂ ಸೈಜಿನ ಸಿಲಿಕಾನ್ ಟಿಪ್ ಇರುವ ಪ್ಯಾಕೆಟ್ ಸಿಕ್ಕಿತು. ಎಂ ತೆಗೆದು ಹಾಕಿದೆ. ಹಳೆಯದನ್ನು ಹಾಕಬೇಕಾದರೆ ಉಗುರು ಕೊಟ್ಟು ಒತ್ತಬೇಕಿತ್ತು. ಇದು ಪೆನ್ನಿನ ಕ್ಯಾಪ್ ಥರ ಜಾರಿಕೊಂಡು ಹೋಗಿ ಕೂತಿತು. ಒಳ್ಳೆ ಮಾಲು ಅಂತ ಖುಷಿಪಟ್ಟೆ. ಅಲ್ಲೇ ಅನುಮಾನ ಬರಬೇಕಿತ್ತು.

ನಾಲ್ಕನೇ ದಿನ ರಾತ್ರಿ ಮಲಗಿಕೊಂಡು ಏನೋ ಕೇಳುತ್ತಿದ್ದೆ. ನಿದ್ದೆ ಎಳೆಯಿತು, ವೈರ್ ಹಿಡಿದು ಜಗ್ಗಿದೆ. ಇಯರ್‌ಫೋನ್ ಬಂತು, ತುದಿಯಲ್ಲಿ ಟಿಪ್ ಇರಲಿಲ್ಲ. ದಿಂಬಿನ ಕೆಳಗೆ ಹುಡುಕಿದೆ. ಹೊದಿಕೆ ಕೊಡವಿದೆ. ಮೊಬೈಲ್ ಟಾರ್ಚ್ ಹಾಕಿಕೊಂಡು ಮಂಚದಡಿ ಬಗ್ಗಿ ನೋಡಿದೆ. ಬಗ್ಗಿದಾಗಲೇ ಗೊತ್ತಾಗಿದ್ದು, ಬಲಗಿವಿಯಲ್ಲಿ ನನ್ನ ಉಸಿರೇ ನನಗೆ ಜೋರಾಗಿ ಕೇಳಿಸುತ್ತಿತ್ತು.

ಟಿಪ್ಪಿನ ಅಂಚು ಆಗ ಬೆರಳಿಗೆ ತಾಗುತ್ತಿತ್ತು, ಹಿಡಿತಕ್ಕೆ ಮಾತ್ರ ಬರುತ್ತಿರಲಿಲ್ಲ. ಸುಮ್ನೆ ಮಲಗಿದ್ದರೆ ಆಗುತ್ತಿತ್ತು. ಹುಬ್ಬು ಕೀಳುವ ಪ್ಲಕ್ಕರ್ ತಂದೆ. ಸಿಲಿಕಾನ್ ಮೆತ್ತಗೆ, ಮೇಲಿಂದ ಜಾರುತ್ತೆ. ಪ್ಲಕ್ಕರ್ ತಾಗಿದ ಪ್ರತಿ ಸಲವೂ ಕೂದಲೆಳೆಯಷ್ಟು ಒಳಗೆ ಸರಿಯಿತು. ನಾಲ್ಕನೇ ಸಲಕ್ಕೆ ಬೆರಳಿಗೂ ಸಿಗಲಿಲ್ಲ.

ಬೆಳಿಗ್ಗೆ ಇಎನ್‌ಟಿ ಡಾಕ್ಟರು ಮೊದಲು ಕೇಳಿದ್ದು, "ಏನು ಹಾಕಿ ಕೆದಕಿದ್ರಿ?" ಕೆದಕಿದ್ರಾ ಅಂತ ಅಲ್ಲ! ತೆಗೆಯೋಕೆ ಅವರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಆದರೆ ನನ್ನ ಪ್ಲಕ್ಕರ್ ಒಳಗಿನ ಚರ್ಮ ಗೀರಿಬಿಟ್ಟಿತ್ತು. ಹತ್ತು ದಿನ ಡ್ರಾಪ್ಸ್, ಸ್ನಾನಕ್ಕೆ ಹೋಗುವಾಗ ಕಿವಿಗೆ ಹತ್ತಿ, ಇಯರ್‌ಫೋನ್ ಮುಟ್ಟುವ ಹಾಗಿಲ್ಲ.

ಆ ಹತ್ತು ದಿನ ಇದನ್ನೇ ಯೋಚನೆ ಮಾಡಿದೆ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಒಂದು ಟಿಪ್ಪಿಗೆ ಎರಡು ಅಳತೆ. ಎಸ್, ಎಂ, ಎಲ್ ಅನ್ನುವುದು ಕೊಡೆ ಥರ ಇರುವ ಹೊರಭಾಗದ್ದು. ಅದು ನಿಮ್ಮ ಕಿವಿಗೆ ಸೇರಿದ ಲೆಕ್ಕ. ಒಳಗಿನ ತೂತಿಗೆ ಬೇರೆ ಅಳತೆ ಇದೆ, ಅದು ಇಯರ್‌ಫೋನಿನ ಮೂತಿಗೆ ಸೇರಿದ್ದು. ಸದ್ದು ಹೊರಗೆ ಬರುವ ಆ ಮೂತಿಗೆ ನಾಜಲ್ ಅಂತಾರೆ. ಅದು ಎಲ್ಲದರಲ್ಲೂ ಒಂದೇ ದಪ್ಪ ಇರೋದಿಲ್ಲ. ಶೂರ್, ವೆಸ್ಟೋನ್ ಇಯರ್‌ಫೋನ್‌ಗಳ ಮೂತಿ ತುಂಬಾ ಸಪೂರ, 3 ಮಿಮೀ ಆಸುಪಾಸು. ಬೇರೆ ಬಹಳಷ್ಟು ಇಯರ್‌ಫೋನ್‌ಗಳದ್ದು 4ರಿಂದ 6 ಮಿಮೀ. ಏರ್‌ಪಾಡ್ಸ್ ಪ್ರೊದು ದುಂಡಗೂ ಇಲ್ಲ, ಮೊಟ್ಟೆ ಆಕಾರ. ಅದರ ಟಿಪ್ಪೇ ಬೇರೆ ಜಾತಿ, ಕ್ಲಿಕ್ ಅಂತ ಕೂರುತ್ತೆ. ಕಂಪ್ಲೈ ಅನ್ನುವ ಕಂಪನಿಯ ಫೋಮ್ ಟಿಪ್ಪಿನ ಮೇಲೆ 100, 200, 400, 500 ಅಂತ ನಂಬರ್ ನೋಡಿರಬಹುದು. ಅದೂ ಒಳಗಿನ ತೂತಿನ ಗುರುತೇ. ನಂಬರ್ ಏರಿದಷ್ಟೂ ತೂತು ದೊಡ್ಡದು.

ಟಿಪ್ಪನ್ನು ಒಂದು ಕಡೆ ಮೂತಿ ಹಿಡಿದಿರುತ್ತೆ, ಇನ್ನೊಂದು ಕಡೆ ಕಿವಿಯ ಚರ್ಮ ಹಿಡಿದಿರುತ್ತೆ. ಎಳೆದಾಗ ಎರಡರ ನಡುವೆ ಹಗ್ಗ ಜಗ್ಗಾಟ. ಯಾರ ಹಿಡಿತ ಗಟ್ಟಿಯೋ ಟಿಪ್ ಅವರ ಪಾಲು. ಕಿವಿಗೆ ಚೆನ್ನಾಗಿ ಕೂರುವ ಟಿಪ್ಪನ್ನು ಕಿವಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಹಾಗಾಗಿ ಮೂತಿಯ ಮೇಲೆ ಅದಕ್ಕಿಂತ ಬಿಗಿಯಾಗಿ ಕೂತಿರಲೇಬೇಕು. ನಂದು ಸಲೀಸಾಗಿ ಹೋಗಿದ್ದು ಅಂದರೆ ಸಲೀಸಾಗಿ ಬರುತ್ತೆ ಅಂತಲೂ ಅರ್ಥ ಅಲ್ವಾ? ಆಮೇಲೆ ಪ್ಯಾಕೆಟ್ ತಿರುಗಿಸಿ ನೋಡಿದರೆ ಇರುವೆಯಂಥ ಅಕ್ಷರದಲ್ಲಿ ಒಳ ತೂತು 5 ಮಿಮೀ ಅಂತ ಬರೆದೇ ಇತ್ತು. ಓದಿರಲಿಲ್ಲ.

ನನ್ನ ಮೂತಿ ಎಷ್ಟಿತ್ತು ಅಂತ ಅಳೆದಿದ್ದು ಹೀಗೆ. ಪೇಪರಿನ ಸಣ್ಣ ಪಟ್ಟಿ ಕತ್ತರಿಸಿ ಮೂತಿಗೆ ಒಂದು ಸುತ್ತು ಸುತ್ತಿ, ಅಂಚು ಸೇರುವಲ್ಲಿ ಪೆನ್ನಿನಲ್ಲಿ ಗೀಟು ಹಾಕಿದೆ. ಬಿಡಿಸಿ ಸ್ಕೇಲ್ ಇಟ್ಟರೆ 13 ಮಿಮೀ. ಅದನ್ನು 3.14ರಿಂದ ಭಾಗಿಸಿದರೆ 4.1. ನಾಲ್ಕರ ಮೂತಿಗೆ ಐದರ ತೂತು! ತುದಿಯಲ್ಲಿ ಸ್ವಲ್ಪ ಉಬ್ಬಿದ ಏಣು ಇದ್ದರೆ ಅಳೆಯಬೇಕಾದ್ದು ಅದರ ಹಿಂದಿನ ಕುತ್ತಿಗೆಯನ್ನು, ಟಿಪ್ ಕಚ್ಚಿಕೊಳ್ಳುವುದು ಅಲ್ಲೇ. ಸಿಲಿಕಾನ್ ಹಿಗ್ಗುತ್ತೆ, ಹಾಗಾಗಿ ತೂತು ಮೂತಿಗಿಂತ ಅರ್ಧ ಮಿಮೀ ಚಿಕ್ಕದಿದ್ದರೇ ಒಳ್ಳೆಯದು. ಹಾಕುವಾಗ ನೀವು ಸ್ವಲ್ಪ ಬೈಯಬೇಕು, ಆಗ ಸರಿಯಾಗಿದೆ ಅಂತ ಲೆಕ್ಕ.

ಇನ್ನು ಆ ಮೀಡಿಯಂ ಮಾತು. ನನಗೆ ಈಗ ಎಡಕ್ಕೆ ಎಂ, ಬಲಕ್ಕೆ ಎಲ್. ಎರಡೂ ಕಿವಿ ಒಂದೇ ಅಳತೆ ಇರಬೇಕು ಅಂತ ಏನಿಲ್ಲ. ಟಿಪ್ ಚಿಕ್ಕದಾದರೆ ಸಂದಿಯಿಂದ ಗಾಳಿ ಹೋಗುತ್ತೆ, ಮೊದಲು ಮಾಯವಾಗುವುದು ಬೇಸ್, ಅಂದರೆ ಗುಮ್ಮೆನ್ನುವ ತಗ್ಗು ಸದ್ದು. ಜನ ಇಯರ್‌ಫೋನೇ ಸರಿ ಇಲ್ಲ ಅಂದುಕೊಂಡು ವಾಲ್ಯೂಮ್ ಏರಿಸುತ್ತಾರೆ. ಹಾಡು ಹಾಕಿಕೊಂಡು ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಒತ್ತಿದ ಕೂಡಲೇ ಬೇಸ್ ಧಿಂ ಅಂತ ಎದ್ದರೆ ಒಂದು ಸೈಜ್ ಮೇಲೆ ಹೋಗಿ. ಅರ್ಧ ಗಂಟೆಗೇ ನೋವು ಬಂದರೆ ಕೆಳಗೆ ಇಳಿಯಿರಿ.

ಫೋಮಾ ಸಿಲಿಕಾನಾ? ಫೋಮ್ ಹೊರಗಿನ ಗದ್ದಲ ಚೆನ್ನಾಗಿ ತಡೆಯುತ್ತೆ. ಆದರೆ ಹಾಕುವಾಗಲೆಲ್ಲ ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬುವ ತನಕ ಇಪ್ಪತ್ತು ಮೂವತ್ತು ಸೆಕೆಂಡ್ ಹಿಡಿದುಕೊಂಡಿರಬೇಕು. ಚೂಪು ಸದ್ದುಗಳು ಸ್ವಲ್ಪ ಮಂಕಾಗುತ್ತವೆ. ಬೆವರು, ಗುಗ್ಗೆ ಹೀರಿಕೊಂಡು ಕೆಲವೇ ತಿಂಗಳಲ್ಲಿ ಸತ್ವ ಕಳೆದುಕೊಳ್ಳುತ್ತೆ. ಪದೇ ಪದೇ ಹಾಕಿ ತೆಗೆಯುವವರಿಗೆ ಅದು ಬರೀ ತಲೆನೋವು. ಸಿಲಿಕಾನ್ ಆದರೆ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ಒಣಗಿಸಿದರೆ ಮುಗಿಯಿತು. ನಿಮ್ಮದು ವೈರ್ ಇಲ್ಲದ್ದಾದರೆ ಗಿಡ್ಡ ಟಿಪ್ಪೇ ನೋಡಿ, ಉದ್ದದ್ದು ಹಾಕಿದರೆ ಚಾರ್ಜಿಂಗ್ ಡಬ್ಬಿಯ ಮುಚ್ಚಳ ಕೂರದೇ ಇರಬಹುದು.

ನಾನು ಈಗಲೂ ಸಿಲಿಕಾನೇ ಹಾಕುವುದು. ವೈರ್ ಹಿಡಿದು ಎಳೆಯುವುದಿಲ್ಲ, ಮೈ ಹಿಡಿದು ಸ್ವಲ್ಪ ತಿರುಗಿಸಿ ಗಾಳಿ ಆಡಲು ಬಿಟ್ಟು ಆಮೇಲೆ ತೆಗೆಯುತ್ತೇನೆ. ತೆಗೆದ ಮೇಲೆ ಎರಡೂ ತುದಿ ಹೆಬ್ಬೆರಳಲ್ಲಿ ಒಮ್ಮೆ ಮುಟ್ಟಿ ನೋಡುತ್ತೇನೆ, ಕತ್ತಲಲ್ಲಿ, ಅರ್ಧ ನಿದ್ದೆಯಲ್ಲಿದ್ದರೂ.