ಆಂಟಿವೈರಸ್ ತಾಣಗಳು ಮಾತ್ರ ತೆರೆಯದಿದ್ದಾಗ

ಪ್ರಶ್ನೆ: ನಾನು ಡಿಟಿಪಿ ಕೆಲಸ ಮತ್ತು ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿಯೊಂದನ್ನು ನಡೆಸುತ್ತಿದ್ದೇನೆ. ಪರಿಚಿತರೊಬ್ಬರು ಪುಟ ವಿನ್ಯಾಸದ ತಂತ್ರಾಂಶದ ಕ್ರ್ಯಾಕ್ ಪ್ರತಿಯನ್ನು ಹಾಕಿಕೊಟ್ಟ ಮೇಲೆ ಕಂಪ್ಯೂಟರಿನಲ್ಲಿ ಆಂಟಿವೈರಸ್ ಕಂಪನಿಗಳ ಯಾವ ಜಾಲತಾಣವೂ ತೆರೆಯುತ್ತಿಲ್ಲ, ವಿಂಡೋಸ್ ಅಪ್‌ಡೇಟ್ ಕೂಡ ಆಗುತ್ತಿಲ್ಲ. ಪತ್ರಿಕೆಗಳ ತಾಣ, ಯೂಟ್ಯೂಬ್, ಸೇವಾ ಸಿಂಧು ಎಲ್ಲವೂ ಸರಿಯಾಗಿ ತೆರೆಯುತ್ತವೆ. ಅದೇ ವೈಫೈಯಲ್ಲಿ ಮೊಬೈಲಿನಲ್ಲಿ ನೋಡಿದರೆ ಆಂಟಿವೈರಸ್ ತಾಣಗಳೂ ತೆರೆಯುತ್ತವೆ. ಇಂಟರ್ನೆಟ್ ಕಂಪನಿಗೆ ದೂರು ಕೊಡಬೇಕೇ ಅಥವಾ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಬೇಕೇ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ದೂರು ಕೊಡುವ ಅಗತ್ಯವಿಲ್ಲ. ಒಂದೇ ವೈಫೈಯಲ್ಲಿ ಮೊಬೈಲಿಗೆ ಸಿಗುವ ತಾಣ ಕಂಪ್ಯೂಟರಿಗೆ ಸಿಗುತ್ತಿಲ್ಲವೆಂದರೆ ತಡೆ ಇರುವುದು ಕಂಪ್ಯೂಟರಿನ ಒಳಗೇ. ತೆರೆಯದಿರುವ ತಾಣಗಳು ಯಾವುವು ಎಂಬುದನ್ನು ಗಮನಿಸಿ: ರೋಗವನ್ನು ಪತ್ತೆ ಮಾಡಿ ವಾಸಿ ಮಾಡಬಲ್ಲ ತಾಣಗಳಷ್ಟೇ ಮುಚ್ಚಿಕೊಂಡಿವೆ. ಇದು ಆಕಸ್ಮಿಕವಾಗಿ ಆಗುವಂಥದ್ದಲ್ಲ. ಒಳಗೆ ಸೇರಿಕೊಂಡ ಕುತಂತ್ರಾಂಶವೊಂದು ತನ್ನನ್ನು ಉಳಿಸಿಕೊಳ್ಳಲು ಹೀಗೆ ಮಾಡಿರುವ ಸಾಧ್ಯತೆಯೇ ಹೆಚ್ಚು.

ಮೊದಲು ಮಾಡಬೇಕಾದದ್ದು ಒಂದಿದೆ. ಅದನ್ನು ಇಂದೇ ಮಾಡಿ. ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರವನ್ನೂ ಗ್ರಾಹಕರ ಅರ್ಜಿ ತುಂಬುವುದನ್ನೂ ನಿಲ್ಲಿಸಿ. ನಿಮ್ಮ ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಮೊಬೈಲಿನಿಂದ ಬದಲಾಯಿಸಿ. ಸೋಂಕು ತಗಲಿದ ಕಂಪ್ಯೂಟರಿನಲ್ಲೇ ಕುಳಿತು ಬದಲಾಯಿಸಿದರೆ ಹೊಸ ಪಾಸ್‌ವರ್ಡ್ ಕೂಡ ಸ್ಪೈವೇರಿನ (ಗುಟ್ಟಾಗಿ ಮಾಹಿತಿ ಕದಿಯುವ ಕುತಂತ್ರಾಂಶದ) ಕೈಗೇ ಸೇರುತ್ತದೆ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಒಮ್ಮೆಗೇ ನಕಲು ಮಾಡಿಕೊಂಡು ಹೊರಗೆ ಕಳಿಸುವ ಕುತಂತ್ರಾಂಶಗಳು ಕ್ರ್ಯಾಕ್ ತಂತ್ರಾಂಶಗಳ ಜೊತೆಯಲ್ಲಿ ಬರುವುದು ಸಾಮಾನ್ಯ. ನಿಮ್ಮ ಅಂಗಡಿಗೆ ಬರುವವರು ಆಧಾರ್, ಪಹಣಿ, ಜಾತಿ ಪ್ರಮಾಣಪತ್ರ, ಮಕ್ಕಳ ಅಂಕಪಟ್ಟಿಗಳನ್ನು ನಿಮ್ಮನ್ನು ನಂಬಿ ಕೊಡುತ್ತಾರೆ. ಅವರ ಕಾಗದಪತ್ರಗಳ ಸ್ಕ್ಯಾನ್ ಪ್ರತಿಗಳೂ ಅದೇ ಡಿಸ್ಕಿನಲ್ಲಿ ಇವೆ ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚಿನ ಚಿಂತೆಯ ವಿಷಯ.

ಇನ್ನು ತಡೆ ಎಲ್ಲಿದೆ ಎಂದು ಹುಡುಕೋಣ. ನೀವು ತಾಣದ ಹೆಸರನ್ನು ಟೈಪ್ ಮಾಡಿದಾಗ ಅದರ ಅಂಕಿಗಳ ವಿಳಾಸವೇನೆಂದು ಕಂಪ್ಯೂಟರ್ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಆದರೆ ಹಾಗೆ ಕೇಳುವ ಮೊದಲು ತನ್ನಲ್ಲೇ ಇರುವ ‘ಹೋಸ್ಟ್ಸ್’ ಎಂಬ ಸಣ್ಣ ಫೈಲನ್ನು ನೋಡಿಕೊಳ್ಳುತ್ತದೆ. ಆ ಫೈಲಿನಲ್ಲಿ ಆಂಟಿವೈರಸ್ ತಾಣದ ಹೆಸರಿನ ಮುಂದೆ 127.0.0.1 ಎಂದು ಬರೆದುಬಿಟ್ಟರೆ ಸಾಕು, ಕಂಪ್ಯೂಟರ್ ಆ ತಾಣವನ್ನು ತನ್ನೊಳಗೇ ಹುಡುಕಿ ಸೋಲುತ್ತದೆ, ಏಕೆಂದರೆ ಆ ಅಂಕಿಗಳು ಸೂಚಿಸುವುದು ಅದೇ ಕಂಪ್ಯೂಟರನ್ನು. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ ಸಿಸ್ಟಮ್32, ಅದರಲ್ಲಿ ಡ್ರೈವರ್ಸ್, ಅದರಲ್ಲಿ ಇಟಿಸಿ ಎಂಬ ಫೋಲ್ಡರ್ ಇದ್ದು, ಈ ಫೈಲ್ ಅಲ್ಲಿರುತ್ತದೆ. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಅದರ ಮೂಲಕ ಈ ಫೈಲನ್ನು ತೆರೆಯಿರಿ. ಈಗಿನ ವಿಂಡೋಸ್‌ಗಳಲ್ಲಿ ಸಹಜವಾಗಿ ಅಲ್ಲಿ ಇರುವ ಸಾಲುಗಳೆಲ್ಲ # ಚಿಹ್ನೆಯಿಂದಲೇ ಶುರುವಾಗುತ್ತವೆ. ಆ ಚಿಹ್ನೆ ಇಲ್ಲದೆ, ಆಂಟಿವೈರಸ್ ಅಥವಾ ಮೈಕ್ರೋಸಾಫ್ಟ್ ತಾಣಗಳ ಹೆಸರಿರುವ ಸಾಲುಗಳಿದ್ದರೆ ಅಳಿಸಿ ಉಳಿಸಿ. ಫೈಲಿನ ಕೊನೆಯವರೆಗೂ ಸ್ಕ್ರೋಲ್ ಮಾಡಿ ನೋಡಬೇಕು; ನೂರಾರು ಖಾಲಿ ಸಾಲುಗಳ ಕೆಳಗೆ ಇಂಥವನ್ನು ಅಡಗಿಸಿಡುವುದುಂಟು. ಕ್ರ್ಯಾಕ್ ಹಾಕುವವರು ಆಯಾ ಕಂಪನಿಯ ಪರವಾನಗಿ ತಪಾಸಣೆಯನ್ನು ತಪ್ಪಿಸಲು ಇದೇ ಫೈಲನ್ನು ತಿದ್ದುತ್ತಾರಾದ್ದರಿಂದ ಅಂಥ ಸಾಲುಗಳೂ ನಿಮಗೆ ಕಾಣಬಹುದು.

ಹೋಸ್ಟ್ಸ್ ಫೈಲ್ ಸ್ವಚ್ಛವಾಗಿದ್ದ ಮಾತ್ರಕ್ಕೆ ಕಂಪ್ಯೂಟರ್ ಸ್ವಚ್ಛವೆಂದು ತಿಳಿಯಬೇಡಿ. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ವರ್ಮ್ (ತಾನಾಗಿಯೇ ಹರಡುವ ಕುತಂತ್ರಾಂಶ) ಆ ಫೈಲನ್ನು ಮುಟ್ಟದೆ, ವಿಂಡೋಸ್ ವಿಳಾಸ ಹುಡುಕುವ ಕ್ರಿಯೆಯನ್ನೇ ಮೆಮೊರಿಯಲ್ಲಿ ಅಡ್ಡಗಟ್ಟಿ, ಹೆಸರಿನಲ್ಲಿ ‘ವೈರಸ್’, ‘ಸ್ಪೈವೇರ್’, ‘ಮೈಕ್ರೋಸಾಫ್ಟ್’ ಮುಂತಾದ ಪದಗಳಿರುವ ತಾಣಗಳು ತೆರೆಯದಂತೆ ಮಾಡುತ್ತಿತ್ತು. ಆದ್ದರಿಂದ ಇನ್ನೆರಡು ಕಡೆ ನೋಡಿ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ (ಸಂಪರ್ಕವನ್ನು ಬೇರೊಂದು ಕಂಪ್ಯೂಟರಿನ ಮೂಲಕ ಹಾಯಿಸುವ ವ್ಯವಸ್ಥೆ) ಎಂಬಲ್ಲಿ ನೀವು ಹಾಕದ ಯಾವುದಾದರೂ ವಿಳಾಸವಿದ್ದರೆ ಅದನ್ನು ಆಫ್ ಮಾಡಿ. ಬ್ರೌಸರಿನಲ್ಲಿ ನೀವು ಸೇರಿಸದ ಎಕ್ಸ್‌ಟೆನ್ಶನ್‌ಗಳಿದ್ದರೆ ತೆಗೆದುಹಾಕಿ. ಸ್ವಂತ ಕಂಪ್ಯೂಟರಿನ ಕ್ರೋಮ್ ಮೆನುವಿನಲ್ಲಿ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬರ್ಥದ ಸಾಲು ಕಂಡರೆ ಅದೂ ಅನುಮಾನಕ್ಕೆ ಕಾರಣವೇ.

ಈ ತಡೆಗಳನ್ನು ತೆಗೆಯುವುದು ಲಕ್ಷಣಕ್ಕೆ ಮಾಡುವ ಉಪಚಾರವಷ್ಟೇ. ಮೂಲ ಒಳಗೇ ಉಳಿದಿದ್ದರೆ ಅಳಿಸಿದ ಸಾಲುಗಳು ಮುಂದಿನ ಸಲ ಕಂಪ್ಯೂಟರ್ ಶುರುವಾದಾಗ ಮತ್ತೆ ಬಂದಿರುತ್ತವೆ. ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಯ್ಕೆಗಳಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಎಂಬುದೊಂದಿದೆ. ಅದು ವಿಂಡೋಸ್ ಪೂರ್ತಿ ಎಚ್ಚರಗೊಳ್ಳುವ ಮೊದಲೇ ತಪಾಸಣೆ ನಡೆಸುವುದರಿಂದ ಕುತಂತ್ರಾಂಶಕ್ಕೆ ಅಡಗಿಕೊಳ್ಳುವ ಅವಕಾಶ ಕಡಿಮೆ. ಅದನ್ನೂ ತೆರೆಯಲು ಬಿಡದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರನ್ನು ಡೌನ್‌ಲೋಡ್ ಮಾಡಿ, ಫೈಲಿನ ಹೆಸರು ಬದಲಿಸಿ ಪೆನ್‌ಡ್ರೈವಿನಲ್ಲಿ ತಂದು ಸೇಫ್ ಮೋಡಿನಲ್ಲಿ (ಅಗತ್ಯವಿರುವಷ್ಟೇ ತಂತ್ರಾಂಶಗಳೊಂದಿಗೆ ವಿಂಡೋಸ್ ಶುರುವಾಗುವ ವಿಧಾನದಲ್ಲಿ) ನಡೆಸಿ. ಹೆಸರು ಬದಲಿಸಲು ಹೇಳುವುದೇಕೆಂದರೆ ಕೆಲವು ಕುತಂತ್ರಾಂಶಗಳು ಹೆಸರು ನೋಡಿಯೇ ಸ್ಕ್ಯಾನರನ್ನು ನಿಲ್ಲಿಸುತ್ತವೆ. ಈ ಸ್ಕ್ಯಾನರ್ ಡೌನ್‌ಲೋಡ್ ಮಾಡಿದ 10 ದಿನಗಳ ನಂತರ ಕೆಲಸ ಮಾಡುವುದಿಲ್ಲ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಉಚಿತ ಸಲಕರಣೆಗಳು ದೊರೆಯುತ್ತವೆ. ತಂದ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡದೆ ಇನ್ನೊಂದು ಕಂಪ್ಯೂಟರಿಗೆ ಹಾಕಬೇಡಿ.

ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಿದ್ದೀರಿ. ಮನೆಯಲ್ಲಿ ಒಬ್ಬರೇ ಬಳಸುವ ಕಂಪ್ಯೂಟರಾಗಿದ್ದರೆ, ಸ್ಕ್ಯಾನಿನ ನಂತರ ಕೆಲವು ದಿನ ಗಮನಿಸಿ ನೋಡಿ ಎನ್ನುತ್ತಿದ್ದೆ. ಊರಿನವರ ದಾಖಲೆಗಳು ಹಾದುಹೋಗುವ ನಿಮ್ಮ ಕಂಪ್ಯೂಟರಿಗೆ ನನ್ನ ಸಲಹೆ ಬೇರೆ: ಕಡತಗಳನ್ನು ಮಾತ್ರ ಪ್ರತಿ ಮಾಡಿಕೊಂಡು, ಯಾವ ಇನ್‌ಸ್ಟಾಲರ್ ಫೈಲನ್ನೂ ಉಳಿಸಿಕೊಳ್ಳದೆ, ಮೈಕ್ರೋಸಾಫ್ಟ್ ತಾಣದಿಂದಲೇ ಪಡೆದ ವಿಂಡೋಸನ್ನು ಹೊಸದಾಗಿ ಹಾಕಿಸಿ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ತಾಳುವುದಾದರೆ ವಿಂಡೋಸ್ 11 ಹಾಕಿಸುವುದು ಒಳ್ಳೆಯದು. ಪುಟ ವಿನ್ಯಾಸಕ್ಕೆ ಉಚಿತವಾಗಿಯೇ ಸಿಗುವ ಸ್ಕ್ರೈಬಸ್ ಮತ್ತು ಇಂಕ್‌ಸ್ಕೇಪ್ ತಂತ್ರಾಂಶಗಳಿವೆ, ಅವುಗಳಲ್ಲಿ ಯೂನಿಕೋಡ್ ಕನ್ನಡವನ್ನೂ ಬಳಸಬಹುದು. ಖಾತೆಯಿಂದ ಹಣ ಹೋಗಿರುವುದು ಕಂಡುಬಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಮಾತ್ರವಲ್ಲ, ಎರಡು ಮೊಬೈಲುಗಳಲ್ಲೂ ಕೆಲವು ತಾಣಗಳ ಬದಲು ಜಾಹೀರಾತಿನ ಪುಟಗಳು ಬರುತ್ತವೆ. ಮೊಬೈಲ್ ಡೇಟಾ ಬಳಸಿದರೆ ಸರಿಯಾಗಿರುತ್ತದೆ. ಮೂರಕ್ಕೂ ಸ್ಪೈವೇರ್ ಬಂದಿದೆಯೇ?
– ಓದುಗರು, ಹಾಸನ

ಉತ್ತರ: ಮೂರೂ ಸಾಧನಗಳಿಗೆ ಸಮಾನವಾಗಿರುವುದು ನಿಮ್ಮ ವೈಫೈ ರೂಟರ್. ಅದರೊಳಗಿನ ಡಿಎನ್‌ಎಸ್ ವಿಳಾಸವನ್ನು ಯಾರೋ ಬದಲಿಸಿರುವಂತಿದೆ. ಡಿಎನ್‌ಎಸ್‌ಚೇಂಜರ್ ಎಂಬ ಕುತಂತ್ರಾಂಶ ಇದೇ ತಂತ್ರದಿಂದ ಸುಮಾರು 40 ಲಕ್ಷ ಕಂಪ್ಯೂಟರುಗಳನ್ನು ದಾರಿ ತಪ್ಪಿಸಿತ್ತು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಆ ಜಾಲವನ್ನು ಮುರಿದ ಮೇಲೂ, ಸೋಂಕಿತರಿಗೆ ಇಂಟರ್ನೆಟ್ ಥಟ್ಟನೆ ನಿಲ್ಲಬಾರದೆಂದು ಬದಲಿ ಸರ್ವರುಗಳನ್ನು 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ರೂಟರನ್ನು ರೀಸೆಟ್ ಮಾಡಿ, ಅದರ ಅಡ್ಮಿನ್ ಪಾಸ್‌ವರ್ಡನ್ನು ಬದಲಿಸಿ, ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿ. ರೀಸೆಟ್ ಗುಂಡಿ ಒತ್ತುವ ಮೊದಲು ಇಂಟರ್ನೆಟ್ ಕಂಪನಿ ಕೊಟ್ಟಿರುವ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡನ್ನು ಕೇಳಿ ಬರೆದಿಟ್ಟುಕೊಳ್ಳಿ. ಸಂಪರ್ಕವನ್ನು ಮತ್ತೆ ಹೊಂದಿಸಲು ಅವು ಬೇಕಾಗಬಹುದು.