ಮನೆಯಲ್ಲಿ ಮಾತಿನ ಮಲ್ಲಿ, ತರಗತಿಯಲ್ಲಿ ಮೌನ: ಎರಡನೇ ತರಗತಿಯ ಒಂದು ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಏಳು ವರ್ಷದ ಬಾಲಕಿ, ಸರ್ಕಾರಿ ಶಾಲೆಯ ಎರಡನೇ ತರಗತಿ. ಒಂದನೇ ತರಗತಿಗೆ ಸೇರಿದಾಗಿನಿಂದ ಶಾಲೆಯೊಳಗೆ ಒಂದು ಮಾತೂ ಆಡಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ, ಅಷ್ಟೆ. ಬರವಣಿಗೆ ಚೆನ್ನಾಗಿದೆ, ಲೆಕ್ಕ ತಪ್ಪುವುದಿಲ್ಲ. ತಾಯಿಯನ್ನು ಕೇಳಿದರೆ, "ಮನೇಲಿ ಬಾಯಿ ಮುಚ್ಚೋದೇ ಇಲ್ಲ ಮೇಡಂ, ತಮ್ಮನ ಮೇಲೆ ಅವಳದ್ದೇ ದರ್ಬಾರು" ಎಂದರು. ತರಗತಿ ಶಿಕ್ಷಕಿ ಇದನ್ನು ಹಟ ಎಂದುಕೊಂಡಿದ್ದರು.

ಆಪ್ತಸಲಹೆಗೆ ಕಳಿಸಿದ್ದು ಮೌನಕ್ಕಾಗಿ ಅಲ್ಲ, ಬಟ್ಟೆ ಒದ್ದೆ ಮಾಡಿಕೊಳ್ಳುತ್ತಾಳೆಂದು. ಶೌಚಾಲಯಕ್ಕೆ ಹೋಗಬೇಕೆಂದು ಕೇಳಲು ಬಾಯಿ ಬರುತ್ತಿರಲಿಲ್ಲ. ಬೆಳಗಿನಿಂದ ನೀರು ಕುಡಿಯದೆ ಕೂತರೂ ಕೆಲವು ದಿನ ಮಧ್ಯಾಹ್ನದ ಹೊತ್ತಿಗೆ ತಡೆಯಲಾಗುತ್ತಿರಲಿಲ್ಲ. ಸದ್ದಿಲ್ಲದ ಮಕ್ಕಳು ಯಾರಿಗೂ ತೊಂದರೆ ಕೊಡುವುದಿಲ್ಲ, ಹಾಗಾಗಿ ಆಪ್ತಸಲಹೆಗಾರರ ಪಟ್ಟಿಯಲ್ಲಿ ಅವರ ಹೆಸರು ಕೊನೆಗೆ ಬರುತ್ತದೆ.

ಮೊದಲು ಕಿವಿ ಪರೀಕ್ಷೆ ಮಾಡಿಸಲಾಯಿತು, ದೋಷವಿರಲಿಲ್ಲ. ಮನೆಮಾತು ಬೇರೆ, ಶಾಲೆಯ ಭಾಷೆ ಬೇರೆಯಾದ ಮಕ್ಕಳು ಹೊಸದರಲ್ಲಿ ಕೆಲವು ತಿಂಗಳು ಸುಮ್ಮನಿರುವುದುಂಟು. ಇವಳಿಗೆ ಎರಡೂ ಒಂದೇ ಭಾಷೆ. ತಾಯಿ ಫೋನಿನಲ್ಲಿ ತೆಗೆದು ತಂದ ವಿಡಿಯೊದಲ್ಲಿ ಉಚ್ಚಾರಣೆ, ವಾಕ್ಯ ಎಲ್ಲ ವಯಸ್ಸಿಗೆ ತಕ್ಕಂತಿದ್ದವು. ಸೆಲೆಕ್ಟಿವ್ ಮ್ಯೂಟಿಸಂ, ಅಂದರೆ ಕೆಲವು ಕಡೆ ಸರಾಗವಾಗಿ ಮಾತಾಡುವ ಮಗುವಿಗೆ ಇನ್ನು ಕೆಲವು ಕಡೆ ಮಾತೇ ಹೊರಡದ ಸ್ಥಿತಿ, ಇರಬಹುದೆಂದು ಮಕ್ಕಳ ಮನೋವೈದ್ಯರಲ್ಲಿಗೆ ಕಳಿಸಲಾಯಿತು, ಅವರೂ ಅದನ್ನೇ ಖಚಿತಪಡಿಸಿದರು. ಇದು ಸಾಮಾನ್ಯವಾಗಿ ಐದು ವರ್ಷದೊಳಗೇ ಶುರುವಾಗಿ, ಶಾಲೆಗೆ ಸೇರಿದ ಮೇಲೆ ಕಣ್ಣಿಗೆ ಬೀಳುತ್ತದೆ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5, ಇದನ್ನು ಆತಂಕದ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಮಗು ಮಾತಾಡಲು ಒಲ್ಲೆ ಎನ್ನುತ್ತಿಲ್ಲ, ಭಯಕ್ಕೆ ಗಂಟಲು ಕಟ್ಟುತ್ತಿದೆ.

ಭಯ ಇರುವುದು ಆ ಶಾಲೆಯಲ್ಲಿ, ಆದ್ದರಿಂದ ಅಭ್ಯಾಸವೂ ಅಲ್ಲೇ ಆಗಬೇಕು. ಆಸ್ಪತ್ರೆಯ ಕೋಣೆಯಲ್ಲಿ ತಾಯಿಯ ಮಗ್ಗುಲಲ್ಲಿ ಕೂತು ನಾಲ್ಕು ಮಾತಾಡಿದ ಮಗು ಮರುದಿನ ತರಗತಿಯಲ್ಲಿ ಮತ್ತೆ ಮೌನವೇ. ತಿಂಗಳಿಗೊಮ್ಮೆ ಬಂದು ಒಂದು ಗಂಟೆ ಕೂರುವ ಆಪ್ತಸಲಹೆಗಾರರಿಂದಲೂ ಇದು ಆಗದು. ಬೇಕಾದದ್ದು ವಾರಕ್ಕೆ ಕನಿಷ್ಠ ಮೂರು ಸಲ, ಸಲಕ್ಕೆ 10ರಿಂದ 15 ನಿಮಿಷ.

ಇಲ್ಲಿ ಮಾಡಿದ್ದು ಹೀಗೆ. ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ತಾಯಿ, ಮಗಳು ಇಬ್ಬರೇ ಬಾಗಿಲು ಹಾಕಿಕೊಂಡು ಒಬ್ಬರಾದ ಮೇಲೆ ಒಬ್ಬರು 1ರಿಂದ 20ರವರೆಗೆ ಎಣಿಸುವ ಆಟ. ಅಂಕಿಗಳೇ ಯಾಕೆಂದರೆ ಏನು ಹೇಳಲಿ ಎಂದು ಯೋಚಿಸುವ ಭಾರ ಅಲ್ಲಿಲ್ಲ. ದನಿ ನಿರಾಳವಾದ ಮೇಲೆ ಬಾಗಿಲು ಒಂದು ಗೇಣು ತೆರೆಯಿತು, ಆಪ್ತಸಲಹೆಗಾರರು ಹೊರಗೆ. ಆಮೇಲೆ ಹೊಸ್ತಿಲ ಮೇಲೆ, ಆಮೇಲೆ ಒಳಗೆ ಬೆನ್ನು ತಿರುಗಿಸಿಕೊಂಡು, ಆಮೇಲೆ ಪಕ್ಕದ ಬೆಂಚಿನಲ್ಲಿ. ಕೊನೆಗೆ ಎಣಿಕೆಯಲ್ಲಿ ಮೂರನೆಯವರಾಗಿ ಸೇರಿದರು, ತಾಯಿ ಮೆಲ್ಲಗೆ ಹೊರಗೆ ಸರಿದರು. ದನಿ ಪಿಸುಮಾತಿಗೆ ಇಳಿದರೆ ಅಥವಾ ನಿಂತರೆ ಹಿಂದಿನ ಹಂತಕ್ಕೆ ವಾಪಸ್. ಮುಂದೆ ಏನಾಗುತ್ತದೆಂದು ಮಗುವಿಗೆ ಪ್ರತಿ ಸಲ ಮೊದಲೇ ಹೇಳಬೇಕು. ಕದ್ದು ಕೇಳಿಸಿಕೊಂಡರೆ ನಂಬಿಕೆ ಹೋದಂತೆ.

ಇದೇ ಕ್ರಮದಲ್ಲಿ ಶಿಕ್ಷಕಿಯನ್ನು ಸೇರಿಸುವಾಗ ಕೆಟ್ಟಿತು. ಅವಳು "ಏಳು" ಎಂದ ಕೂಡಲೇ ಶಿಕ್ಷಕಿ ಸಂತೋಷ ತಾಳಲಾರದೆ ಚಪ್ಪಾಳೆ ತಟ್ಟಿದರು, ಮಗು ಮತ್ತೆ ಮುಚ್ಚಿಕೊಂಡಿತು. ತಪ್ಪು ಯಾರದ್ದೂ ಅಲ್ಲ, ಆದರೆ ಈ ಮಕ್ಕಳಿಗೆ ಹೊಗಳಿಕೆಯೂ ಎಲ್ಲರ ಕಣ್ಣು ತಮ್ಮ ಮೇಲೆ ಬೀಳುವ ಇನ್ನೊಂದು ಕ್ಷಣವೇ. ಮಾತು ಬಂದಾಗ ಏನೂ ಆಗದವರಂತೆ ಮುಂದಿನ ಅಂಕಿ ಹೇಳಬೇಕು.

ಶಿಕ್ಷಕಿಗೆ ಕೊಟ್ಟ ಸಲಹೆ: ಎಲ್ಲರೆದುರು ನಿಲ್ಲಿಸಿ ಪ್ರಶ್ನೆ ಕೇಳಬೇಡಿ, "ಮಾತಾಡಿದರೆ ಬಹುಮಾನ" ಎನ್ನಬೇಡಿ. ಒಂಟಿಯಾಗಿರುವಾಗ, ಅವಳನ್ನು ದಿಟ್ಟಿಸದೆ, "ಕೆಂಪು ಬೇಕೋ, ನೀಲಿ ಬೇಕೋ?" ಎಂಬಂಥ ಆಯ್ಕೆಯ ಪ್ರಶ್ನೆ ಕೇಳಿ. ಹೌದು-ಅಲ್ಲ ಪ್ರಶ್ನೆಗೆ ತಲೆಯಾಡಿಸಿದರೆ ಮುಗಿಯಿತು, ಮಾತಿಗೆ ಜಾಗವೇ ಇರುವುದಿಲ್ಲ. ಕೇಳಿದ ಮೇಲೆ ಐದು ಸೆಕೆಂಡ್ ಕಾಯಿರಿ. ಕೇಳಲು ಸಣ್ಣದು, ಕಾಯುವವರಿಗೆ ಬಹಳ ಉದ್ದ. ಪಕ್ಕದ ಗೆಳತಿ "ಅವಳು ಮಾತಾಡಲ್ಲ ಮಿಸ್" ಎಂದು ತಾನೇ ಉತ್ತರ ಕೊಡುವುದನ್ನು ಮೆಲ್ಲಗೆ ತಪ್ಪಿಸಿ: ಪ್ರತಿ ಸಲ ಯಾರೋ ಹೀಗೆ ಪಾರು ಮಾಡಿದಾಗ ಮಗುವಿಗೆ ಹಾಯೆನಿಸುತ್ತದೆ, ಮೌನ ಇನ್ನಷ್ಟು ಗಟ್ಟಿಯಾಗುತ್ತದೆ. ಓದಿನ ಪರೀಕ್ಷೆಗೆ ಮನೆಯಲ್ಲಿ ಓದಿದ ಧ್ವನಿಮುದ್ರಣ ಸಾಕು, ಶಿಕ್ಷಕಿ ಕೇಳುತ್ತಾರೆಂದು ಅವಳಿಗೆ ಗೊತ್ತಿರಬೇಕು.

ಶೌಚಾಲಯಕ್ಕೆ ಮಾತಿನ ಷರತ್ತು ಎಂದಿಗೂ ಇಲ್ಲ. ಡೆಸ್ಕಿನ ಮೂಲೆಯಲ್ಲಿ ಹಸಿರು ರಟ್ಟಿನ ಚೀಟಿ, ಅದನ್ನು ಮಗುಚಿಟ್ಟು ಎದ್ದು ಹೋಗಬಹುದು. ಒದ್ದೆಯಾಗುವುದು ಮೊದಲ ವಾರದಲ್ಲೇ ನಿಂತಿತು.

ತಾಯಿಗೆ ಹೇಳಿದ್ದು ಒಂದೇ: "ಇವತ್ತು ಮಾತಾಡಿದ್ಯಾ?" ಎಂದು ಸಂಜೆ ಕೇಳಬೇಡಿ.

ಈಗ ಅವಳು ಶಿಕ್ಷಕಿಯೊಂದಿಗೆ, ಇಬ್ಬರು ಗೆಳತಿಯರೊಂದಿಗೆ ಮಾತಾಡುತ್ತಾಳೆ. ಇಡೀ ತರಗತಿಯ ಮುಂದೆ ಇನ್ನೂ ಇಲ್ಲ. ದೊಡ್ಡ ರಜೆ ಕಳೆದು ಶಿಕ್ಷಕರು ಬದಲಾದಾಗ ಮೌನ ಮರಳುವ ಸಂಭವ ಹೆಚ್ಚು. ಅದಕ್ಕೆ ಮುಖ್ಯ ಶಿಕ್ಷಕರಲ್ಲಿ ಎರಡು ವಿಷಯ ಕೇಳಿಕೊಳ್ಳಲಾಗಿದೆ: ಮೂರನೇ ತರಗತಿಯ ಶಿಕ್ಷಕರು ಯಾರೆಂದು ವರ್ಷ ಮುಗಿಯುವ ಮೊದಲೇ ತಿಳಿಸಿ ಅವರನ್ನೂ ಎಣಿಕೆಯ ಆಟಕ್ಕೆ ಕರೆತರುವುದು, ಆ ಇಬ್ಬರು ಗೆಳತಿಯರನ್ನು ಬೇರೆ ವಿಭಾಗಕ್ಕೆ ಹಾಕದಿರುವುದು.