ನೀವು ನೋಡಿದ್ದು ಕೀ ಲ್ಯೂಕ್ ಚಿತ್ರ ಇರಬೇಕು

ಹಳೆಯ ಹಾಲಿವುಡ್ ಚಿತ್ರ ಸರಣಿಯ ಪತ್ತೇದಾರ ಮಿಸ್ಟರ್ ವಾಂಗ್ ಪಾತ್ರದಲ್ಲಿ ಚೀನೀ ಯುವಕನನ್ನು ನೋಡಿದ ನೆನಪು, ಹುಡುಕಿದರೆ ಮಾತ್ರ ಬೋರಿಸ್ ಕಾರ್ಲಾಫ್ ಬರುತ್ತಾರೆ ಅಂದಿರಲ್ಲ, ಕಾರಣ ಆ ಪಾತ್ರ ಮಾಡಿದವರು ಇಬ್ಬರು. ಮೊದಲ 5 ಚಿತ್ರಗಳಲ್ಲಿ ಬ್ರಿಟಿಷ್ ನಟ ಕಾರ್ಲಾಫ್, ಚೀನೀಯನಂತೆ ಮೇಕಪ್ ಹಾಕಿಕೊಂಡು. 6ನೆಯದರಲ್ಲಿ ಚೀನೀ-ಅಮೆರಿಕನ್ ನಟ ಕೀ ಲ್ಯೂಕ್.

ಮೊದಲು ಪಾತ್ರದ ಹೆಸರು ಬಿಟ್ಟು ‘ಫ್ಯಾಂಟಮ್ ಆಫ್ ಚೈನಾಟೌನ್’, 1940 ಅಂತ ಹುಡುಕಿ. ಆಮೇಲೆ ಶುರುವಿನ ಕೆಲವು ನಿಮಿಷ ನೋಡಿ: ಮಂಗೋಲಿಯಾಕ್ಕೆ ಹೋಗಿ ಬಂದ ವಿದ್ವಾಂಸ ಅದರ ಫಿಲ್ಮ್ ತೋರಿಸುತ್ತಾ ಮಾತಾಡುವಾಗಲೇ ಕುಸಿದು ಸಾಯುತ್ತಾನೆ. ಈ ದೃಶ್ಯ ನೆನಪಾದರೆ ಅದೇ ಚಿತ್ರ.

ನೆನಪಾಗಲಿಲ್ಲವಾ? ಪತ್ತೇದಾರ ಅಪ್ಪನ ಜೊತೆ ಓಡಾಡುವ ಮಗನಾಗಿದ್ದರೆ ನೀವು ನೋಡಿದ್ದು ಚಾರ್ಲಿ ಚಾನ್ ಅನ್ನುವ ಇನ್ನೊಂದು ಪತ್ತೇದಾರಿ ಸರಣಿಯ ಚಿತ್ರ ಇರಬಹುದು. ಅಲ್ಲೂ ಮಗ ಕೀ ಲ್ಯೂಕ್, ಆದರೆ ಅಪ್ಪನ ಪಾತ್ರ ಸ್ವೀಡನ್‌ನಲ್ಲಿ ಹುಟ್ಟಿದ ವಾರ್ನರ್ ಓಲಂಡ್ ಅವರದ್ದು. ಮಗನಾಗಿ ಬಂದ ನಟನಿಗೆ ಮುಖ್ಯ ಪಾತ್ರ ಸಿಕ್ಕಿದ್ದು ಒಂದೇ ಒಂದು ವಾಂಗ್ ಚಿತ್ರದಲ್ಲಿ, ಆಮೇಲೆ ಆ ಸರಣಿಯೇ ನಿಂತಿತು, ನನಗೆ ಈಗಲೂ ಬೇಜಾರಾಗುತ್ತದೆ.

ಇದೇ ಥರದ್ದು ಇನ್ನೊಂದು ಬೇಕಿದ್ದರೆ 1937ರ ‘ಡಾಟರ್ ಆಫ್ ಶಾಂಘೈ’ ನೋಡಿ. ಅಪ್ಪನನ್ನು ಕೊಂದವರ ಬೆನ್ನು ಹತ್ತುವ ನಾಯಕಿಯಾಗಿ ಚೀನೀ-ಅಮೆರಿಕನ್ ನಟಿ ಆನಾ ಮೇ ವಾಂಗ್, ಸರ್ಕಾರಿ ಏಜೆಂಟ್ ಆಗಿ ಕೊರಿಯನ್-ಅಮೆರಿಕನ್ ನಟ ಫಿಲಿಪ್ ಆನ್.